ಒಂದು ನುಡಿ, ಮನೆಗೊಂದು ಓದು

ಭಾರತ ಹುಣ್ಣಿಮೆ ಕಳೆದು ಎರಡು ಮೂರು ದಿನಕ್ಕೆ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಚಹಾದಂಗಡಿಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ: ‘ಈ ಸಲ ಕಾರ್ಣಿಕ ಏನಾತು?’ ಕಾರ್ಣಿಕ ಎಂದರೆ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ನುಡಿಯುವ ವರ್ಷದ ಭವಿಷ್ಯವಾಣಿ. ಉತ್ತರ ಒಂದು ಉಸಿರಿಗಿಂತ ಉದ್ದ ಇರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಅದು ‘ತುಂಬಿದ ಕೊಡ ತುಳುಕೀತಲೇ ಪರಾಕ್’ ಎಂದಾಗಿತ್ತು. 2024ರಲ್ಲಿ ಇನ್ನೂ ಚಿಕ್ಕದು, ‘ಸಂಪಾಯಿತಲೇ ಪರಾಕ್’. ಅದರ ಹಿಂದಿನ ವರ್ಷ ‘ಅಂಬಲಿ ಹಳಸೀತು, ಕಂಬಳಿ ಬೀಸೀತಲೇ ಪರಾಕ್’. ಹೇಳಿದವನ ಮಾತು ಮುಗಿಯುವುದೇ ತಡ, ಕೇಳಿದವನ ಮಾತು ಶುರುವಾಗುತ್ತದೆ: ‘ಅಂದ್ರ ಏನಂತ?’

ಆ ಎರಡನೆಯ ಪ್ರಶ್ನೆಗೆ ಈ ಸೀಮೆಯಲ್ಲಿ ಸಿಗುವಷ್ಟು ಬಗೆಯ ಉತ್ತರ ಬೇರೆ ಯಾವ ಪ್ರಶ್ನೆಗೂ ಸಿಗಲಿಕ್ಕಿಲ್ಲ. ಭವಿಷ್ಯ ನಿಜವೋ ಸುಳ್ಳೋ ಎಂಬ ಹಳೆಯ ಜಗಳಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಈ ಓದುವ ಕೆಲಸ. ಒಂದು ಒಗಟು ನುಡಿಯನ್ನು ಕೈಗೆ ಕೊಟ್ಟರೆ ಮನುಷ್ಯ ಅದನ್ನು ಹೇಗೆ ತಿರುಗಿಸಿ ನೋಡುತ್ತಾನೆ, ಯಾವ ತುದಿಯಿಂದ ಹಿಡಿಯುತ್ತಾನೆ, ಯಾವಾಗ ಕೆಳಗಿಡುತ್ತಾನೆ? ಬೆಂಗಳೂರು ಹುಬ್ಬಳ್ಳಿಗಳಲ್ಲಿ ಈಗ ಬಹಳಷ್ಟು ಯುವಕ ಯುವತಿಯರು ಟ್ಯಾರೋ ಕಾರ್ಡುಗಳನ್ನು ಓದಲು ಕಲಿಯುತ್ತಿದ್ದಾರೆ. ಅವರು ಕಲಿಯುತ್ತಿರುವುದು ಕೂಡ ಇದನ್ನೇ. ನಮ್ಮ ಈ ಐದು ತಾಲ್ಲೂಕುಗಳ ಕೋಗಳಿ ಸೀಮೆಯವರಿಗೆ ಆ ಪಾಠ ತಲೆಮಾರುಗಳಿಂದ ಬಂದಿದೆ, ಆದರೆ ಯಾರೂ ಅದನ್ನು ಪಾಠ ಎಂದು ಕರೆದಿಲ್ಲ.

ಮೈಲಾರ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಬದಿಗೆ. ಶಾಸನಗಳ ಕಾಲದಲ್ಲಿ ಈ ನಾಡಿಗೆ ಕೋಗಳಿ ಐನೂರು ಎಂದು ಹೆಸರು. ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಹಳೆಯ ಜೈನ ಬಸದಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು, ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ಜಿಲ್ಲೆಯ ಗೆರೆಗಳು ಎಷ್ಟು ಸಲ ಅಳಿಸಿ ಬರೆಯಲ್ಪಟ್ಟರೂ ವರ್ಷಕ್ಕೊಮ್ಮೆ ಈ ಇಡೀ ಸೀಮೆ ಒಂದೇ ಮಾತಿಗೆ ಕಿವಿಗೊಡುವುದು ಮೈಲಾರದಿಂದಾಗಿ. ನದಿಯಾಚೆಯ ಹಾವೇರಿ, ಗದಗದವರು, ದಾವಣಗೆರೆ ಕಡೆಯವರು ಸಹ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬರುತ್ತಾರೆ.

ಮಣಿಕಾಸುರ, ಮಲ್ಲಾಸುರರೆಂಬ ದೈತ್ಯರನ್ನು ಕೊಲ್ಲಲು ಶಿವ ಕಂಬಳಿ ಹೊದ್ದು, ಏಳು ಕೋಟಿ ಪರಿವಾರ ಕಟ್ಟಿಕೊಂಡು ಬಂದ ಎಂಬುದು ಕಥೆ. ಜಾತ್ರೆ ಆ ಯುದ್ಧವನ್ನು ಮತ್ತೆ ನಡೆಸುತ್ತದೆ. ‘ಏಳು ಕೋಟಿ ಏಳು ಕೋಟಿ’ ಎಂಬ ಕೂಗು ಆ ಪರಿವಾರದ್ದು. ಇದೇ ದೇವರು ಮಹಾರಾಷ್ಟ್ರದ ಜೇಜೂರಿಯಲ್ಲಿ ಖಂಡೋಬ. ಅಲ್ಲಿಯೂ ಇಲ್ಲಿಯಂತೆ ಅರಿಸಿನದ ಭಂಡಾರ ತೂರುತ್ತಾರೆ. ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕವಡೆ ಸರ, ಡಮರುಗ ಹೊತ್ತ ಗೊರವರು ದೇವರ ಸೈನಿಕರೂ ಹೌದು, ಅವನ ನಾಯಿಗಳೂ ಹೌದು. ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಸುರಿದರೆ ನಾಯಿಯಂತೆ ಬೊಗಳುತ್ತ ಬಾಯಿಹಾಕುತ್ತಾರೆ. ರಥಸಪ್ತಮಿಯಿಂದ ಹಿಡಿದು ಕಾರ್ಣಿಕದ ಗೊರವಯ್ಯ 11 ದಿನ ಉಪವಾಸವಿರುತ್ತಾನೆ. ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಡೆಂಕನಮರಡಿಯಲ್ಲಿ ಲಕ್ಷಾಂತರ ಜನರ ನಡುವೆ, ಎರಡಾಳೆತ್ತರ ಮೀರಿದ ಬಿಲ್ಲನ್ನು ಏರಿ ‘ಸದ್ದಲೇ!’ ಎನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ಸುಮ್ಮನಾಗುತ್ತದೆ. ಗೊರವಯ್ಯ ಆಕಾಶ ನೋಡಿ ಒಂದು ನುಡಿ ನುಡಿದು ಹಿಂದಕ್ಕೆ ಬೀಳುತ್ತಾನೆ. ಕೆಳಗಿನವರು ಹಿಡಿದುಕೊಳ್ಳುತ್ತಾರೆ.

ಆತ ವಿವರಣೆ ಕೊಡುವುದಿಲ್ಲ. ಇದು ಬಹಳ ದೊಡ್ಡ ಸಂಗತಿ ಎಂದು ನನಗೆ ಅನ್ನಿಸಿದೆ. ನುಡಿಯುವವನು ಬೇರೆ, ಓದುವವರು ಬೇರೆ. ನುಡಿದವನಿಗೆ ಅದರ ಅರ್ಥದ ಮೇಲೆ ಹಕ್ಕಿಲ್ಲ.

ನುಡಿಯ ಕಟ್ಟು ನೋಡಿ. ಯಾರ ಅಂಬಲಿ ಹಳಸೀತು? ಯಾವ ಊರಿನಲ್ಲಿ? ಯಾವ ತಿಂಗಳು? ಕಂಬಳಿ ಬೀಸುವ ಕೈ ಯಾರದು? ಒಂದಕ್ಕೂ ಉತ್ತರವಿಲ್ಲ. ಕ್ರಿಯಾಪದ ಕೂಡ ಗಟ್ಟಿಯಾಗಿ ನಿಲ್ಲುವುದಿಲ್ಲ. ‘ತುಳುಕಿತು’ ಎಂದರೆ ಆಗಿಹೋಯಿತು. ‘ತುಳುಕೀತು’ ಎಂದರೆ ತುಳುಕಿದರೂ ತುಳುಕಬಹುದು, ಹುಷಾರು. ಗದ್ದಲದಲ್ಲಿ ಒಬ್ಬನ ಕಿವಿಗೆ ಮೊದಲನೆಯದು ಬಿದ್ದಿರುತ್ತದೆ, ಪಕ್ಕದವನ ಕಿವಿಗೆ ಎರಡನೆಯದು. ಮರುದಿನ ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ಎರಡೂ ಓಡಾಡುತ್ತವೆ. ಓದು ಶುರುವಾಗುವುದೇ ಕೇಳಿಸಿಕೊಳ್ಳುವಲ್ಲಿ.

ಹೊಲದ ಓದು, ಸಂತೆಯ ಓದು

ಮಳೆಯಾಶ್ರಿತ ಹೊಲದವನ ಓದು ಬಹಳ ಸರಳ, ಬಹಳ ಹಳೆಯದು. ಕಾರ್ಣಿಕ ಬರುವುದು ಯುಗಾದಿಗೆ ಮುನ್ನ, ಹಿಂಗಾರಿ ಜೋಳದ ರಾಶಿಯ ಹೊತ್ತಿಗೆ. ಮುಂದಿನ ಮುಂಗಾರಿಗೆ ಏನು ಬಿತ್ತಬೇಕು, ಸಾಲ ಎಷ್ಟು ಎತ್ತಬೇಕು ಎಂಬ ಲೆಕ್ಕ ತಲೆಯಲ್ಲಿ ತಿರುಗುತ್ತಿರುತ್ತದೆ. ಹಾಗಾಗಿ ನುಡಿಯಲ್ಲಿ ಏನೇ ಬಂದರೂ ಆತ ಮೊದಲು ನೀರನ್ನು ಹುಡುಕುತ್ತಾನೆ, ಆಮೇಲೆ ಕಾಳನ್ನು. ಕೊಡ ಎಂದರೆ ಕೆರೆ, ಅಂಬಲಿ ಎಂದರೆ ಬೆಳೆ, ಸಂಪು ಎಂದರೆ ಹದ ಮಳೆ. ಕೊಟ್ಟೂರು, ಹರಪನಹಳ್ಳಿಯ ಅಡತಿ ಅಂಗಡಿಯವನಿಗೆ ಅದೇ ನುಡಿಯಲ್ಲಿ ಧಾರಣೆ ಕಾಣುತ್ತದೆ. ತುಂಬಿದ್ದು ತುಳುಕಿದರೆ ಮಾಲು ಹೆಚ್ಚು, ದರ ಕಡಿಮೆ. ಮೆಕ್ಕೆಜೋಳ ಹಿಡಿದಿಟ್ಟುಕೊಳ್ಳಬೇಕೋ ಮಾರಬೇಕೋ? ರೈತನಿಗೆ ಶುಭವಾದ ನುಡಿ ವ್ಯಾಪಾರಿಗೆ ಆತಂಕದ್ದಾಗುತ್ತದೆ. ಮನೆಯ ಹಿರಿಯ ಹೆಂಗಸರು ಅದನ್ನು ಮನೆಯೊಳಗೇ ಓದುತ್ತಾರೆ. ತುಂಬಿದ ಕೊಡ ಎಂದ ಕೂಡಲೇ ಬಸುರಿ ಮಗಳ ನೆನಪು. ಹಳಸಿದ ಅಂಬಲಿ ಎಂದ ಕೂಡಲೇ ಪಾಲಾಗಲು ಹೊರಟ ಅಣ್ಣತಮ್ಮಂದಿರ ನೆನಪು. ಯಾರೂ ಅವರಿಗೆ ಹೀಗೆ ಓದಿ ಎಂದು ಹೇಳಿಕೊಟ್ಟಿಲ್ಲ.

ರಾಜಕಾರಣದವರ ಓದು ಮಾತ್ರ ಎಲ್ಲಕ್ಕಿಂತ ಜೋರು. 2023ರ ಕಾರ್ಣಿಕ ಬಂದಾಗ ವಿಧಾನಸಭೆ ಚುನಾವಣೆಗೆ ಮೂರು ತಿಂಗಳು ಬಾಕಿ ಇತ್ತು. ಅಂಬಲಿ ಹಳಸುವುದೆಂದರೆ ಇರುವ ಸರ್ಕಾರ ಹೋಗುವುದು, ಕಂಬಳಿ ಬೀಸುವುದೆಂದರೆ ಕುರುಬ ಸಮುದಾಯದ ನಾಯಕ ಮೇಲೇಳುವುದು ಎಂದು ಹಲವರು ಓದಿದರು. ಮೇ 13ರಂದು ಫಲಿತಾಂಶ ಬಂತು, ಅದೇ ತಿಂಗಳ 20ರಂದು ಕುರುಬ ಸಮುದಾಯದ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಓದಿದವರು ಎದೆಯುಬ್ಬಿಸಿಕೊಂಡು ತಿರುಗಿದರು. ಆದರೆ ವರ್ಷ ಅಲ್ಲಿಗೆ ಮುಗಿದಿರಲಿಲ್ಲ. ಆ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಹೊಲದವನ ಅಂಬಲಿ ನಿಜಕ್ಕೂ ಹಳಸಿತ್ತು. ಫೆಬ್ರುವರಿಯಲ್ಲಿ ಸುಮ್ಮನೆ ‘ಈ ಸಲ ಉಣ್ಣೋದಕ್ಕ ತ್ರಾಸು ಐತಿ’ ಎಂದು ಓದಿಕೊಂಡು ಎದ್ದುಹೋದವನ ಹತ್ತಿರ ಯಾವ ಟಿ.ವಿ. ಕ್ಯಾಮೆರಾವೂ ಹೋಗಲಿಲ್ಲ.

ಮುಂದಿನ ವರ್ಷ ‘ಸಂಪಾಯಿತಲೇ’ ಎಂದಾಗ ಬರದಿಂದ ಬೆಂದ ಸೀಮೆ ಅದನ್ನು ಎರಡು ಕೈಯಲ್ಲಿ ಸ್ವೀಕರಿಸಿತು. ಮಳೆ ಬಂತು, ತುಂಗಭದ್ರಾ ಜಲಾಶಯ ತುಂಬಿತು. ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ತುಂಬಿದ ನೀರು ನಮ್ಮ ಕಣ್ಣೆದುರೇ ಹೊಳೆಗೆ ಹರಿಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸುವ ತನಕ ನಾಲೆಯ ಕೊನೆಯ ರೈತರು ಉಸಿರು ಬಿಗಿಹಿಡಿದಿದ್ದರು. ಅದಾದ ಆರು ತಿಂಗಳಿಗೆ ‘ತುಂಬಿದ ಕೊಡ ತುಳುಕೀತಲೇ’ ಎಂಬ ನುಡಿ ಬಂದರೆ ಈ ಸೀಮೆಯವರ ಕಣ್ಣಮುಂದೆ ಬರುವ ಕೊಡ ಯಾವುದು? ನನಗಂತೂ ಬಂದದ್ದು ಆ ಜಲಾಶಯವೇ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಉಂಡು ಬೆಳೆದ ಕಿವಿಗೆ, ಅದೇ ಕೊಡ ತುಳುಕೀತು ಎಂದರೆ ಎಲ್ಲೋ ಕಟ್ಟು ಸಡಿಲವಾಗಿದೆ ಎಂದೇ ಕೇಳಿಸುತ್ತದೆ. 2025ರ ಮಳೆಗಾಲದಲ್ಲಿ ಗೇಟುಗಳ ಸ್ಥಿತಿ ನೆಚ್ಚುವಂತಿಲ್ಲವೆಂದು 105 ಟಿಎಂಸಿಗೂ ಹೆಚ್ಚು ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿ ಆಸುಪಾಸಿಗೆ ನೀರು ನಿಲ್ಲಿಸಿ ಉಳಿದದ್ದನ್ನು ಹೊಳೆಗೆ ಬಿಟ್ಟರು. ಕಾರ್ಣಿಕ ಅದನ್ನು ಮೊದಲೇ ಹೇಳಿತ್ತು ಎಂದು ನಾನು ಸಾಧಿಸುತ್ತಿಲ್ಲ. ಅಣೆಕಟ್ಟೆಯ ಗೇಟಿನ ಬಗ್ಗೆ ನನಗಿದ್ದ ಭಯಕ್ಕೆ ಆ ನುಡಿ ಒಂದು ಚಿತ್ರ ಒದಗಿಸಿತು. ಗೇಟುಗಳ ಸುದ್ದಿ ಬಂದಾಗಲೆಲ್ಲ ಗಮನವಿಟ್ಟು ಓದುವಂತೆ ಮಾಡಿತು. ಒಂದು ಒಗಟು ನುಡಿಯಿಂದ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ನಾನು ಬೇಡುವುದೂ ಇಲ್ಲ.

ಓದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗ್ರೀಸಿನ ಎರಡು ಪ್ರಸಂಗಗಳು ಹೆರೊಡೋಟಸನ ಇತಿಹಾಸದಲ್ಲಿವೆ. ಲಿಡಿಯಾದ ಅರಸ ಕ್ರೀಸಸ್, ಪರ್ಷಿಯನ್ನರ ಮೇಲೆ ದಂಡೆತ್ತಿ ಹೋಗಲೇ ಎಂದು ಡೆಲ್ಫಿಯ ದೈವವಾಣಿಯನ್ನು ಕೇಳಿಸಿದ. ಹೋದರೆ ಒಂದು ದೊಡ್ಡ ರಾಜ್ಯ ನಾಶವಾಗುತ್ತದೆ ಎಂಬ ಉತ್ತರ ಬಂತು. ಯಾವ ರಾಜ್ಯ ಎಂದು ಮರುಪ್ರಶ್ನೆ ಹಾಕದೆ ಹೋದ; ನಾಶವಾದದ್ದು ಅವನದೇ ರಾಜ್ಯ. ಎರಡನೆಯದು ಕ್ರಿ.ಪೂ. 480ರದು. ಪರ್ಷಿಯನ್ ಸೈನ್ಯ ಅಥೆನ್ಸಿನ ಮೇಲೆ ಬರುತ್ತಿದ್ದಾಗ, ಮರದ ಗೋಡೆಯೊಂದೇ ನಿಮ್ಮನ್ನು ಕಾಯುತ್ತದೆ ಎಂದು ಡೆಲ್ಫಿ ನುಡಿಯಿತು. ಅಥೆನ್ಸಿನ ಜನ ಅದನ್ನು ಸಭೆಯಲ್ಲಿಟ್ಟು ವಾದ ಮಾಡಿದರು. ಕೋಟೆಯ ಮೇಲಿನ ಮರದ ಬೇಲಿಯೇ ಅದು ಎಂದು ಕೆಲವರು. ಅಲ್ಲ, ಮರದ ಹಡಗುಗಳು ಎಂದು ಥೆಮಿಸ್ಟೊಕ್ಲಿಸ್. ಹೆಚ್ಚಿನವರು ಹಡಗು ಹತ್ತಿದರು, ಸಲಾಮಿಸಿನ ಸಮುದ್ರಯುದ್ಧದಲ್ಲಿ ಗೆದ್ದರು. ಬೇಲಿ ಕಟ್ಟಿಕೊಂಡು ಅಕ್ರೊಪೊಲಿಸಿನಲ್ಲಿ ಉಳಿದವರು ಸತ್ತರು. ಅರಸ ಒಬ್ಬನೇ ಕೂತು ತನಗೆ ಬೇಕಾದಂತೆ ಓದಿದ. ಅಥೆನ್ಸಿನವರು ನಾಲ್ಕು ಜನರ ನಡುವೆ ಇಟ್ಟು ಓದಿದರು. ನಮ್ಮ ಚಹಾದಂಗಡಿಯ ಜಗಳಕ್ಕೆ ನಾನು ಬೆಲೆ ಕೊಡುವುದು ಈ ಕಾರಣಕ್ಕೆ.

ಚಿತ್ರ ಓದುವ ಬಗೆ

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳಲು ಅಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಅದು ಸಿರಿವಂತರ ಮನೆಯ ಇಸ್ಪೀಟಾಟ; ಮಿಲಾನಿನ ವಿಸ್ಕೊಂಟಿ, ಸ್ಫೋರ್ಜಾ ಮನೆತನಗಳಿಗಾಗಿ ಕೈಯಲ್ಲಿ ಚಿತ್ರ ಬಿಡಿಸಿದ ಕಾರ್ಡುಗಳು ಈಗಲೂ ಉಳಿದಿವೆ. 1781ರಲ್ಲಿ ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂದು ಆಧಾರವಿಲ್ಲದೆ ಬರೆದ ಮೇಲೆ ಕಾರ್ಡಿಗೆ ಭವಿಷ್ಯದ ಗುಂಗು ಹತ್ತಿತು. ನಮ್ಮಲ್ಲೂ ದೇವರ ಚಿತ್ರಗಳ ಗಂಜೀಫಾ ಇತ್ತು: ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾಗಳನ್ನು ತಾವೇ ರೂಪಿಸಿದರು. ಆದರೆ ಅದು ಆಟವಾಗಿಯೇ ಉಳಿಯಿತು, ಕಣಿ ಹೇಳಲಿಲ್ಲ.

ಇಂದು ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಹೊರತಂದ ಕಟ್ಟು, ಇಲ್ಲವೇ ಅದರ ಮಕ್ಕಳು ಮೊಮ್ಮಕ್ಕಳು. ಯೋಜನೆ ಎ.ಇ. ವೇಟ್ ಎಂಬಾತನದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯವು. ಒಟ್ಟು 78 ಕಾರ್ಡು. ಅದರಲ್ಲಿ 22 ದೊಡ್ಡವು, ಉಳಿದ 56 ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಬಣದವು. ಅಲ್ಲಿಯವರೆಗಿನ ಬಹುತೇಕ ಕಟ್ಟುಗಳಲ್ಲಿ ಈ ಸಣ್ಣ ಕಾರ್ಡುಗಳ ಮೇಲೆ ಇರುತ್ತಿದ್ದುದು ಬರೀ ಎಣಿಕೆ: ಐದು ಬಟ್ಟಲು, ಏಳು ಕತ್ತಿ. ಪಮೇಲಾ ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಮನುಷ್ಯರನ್ನು ತಂದು ನಿಲ್ಲಿಸಿದಳು. ಚೆಲ್ಲಿದ ಬಟ್ಟಲುಗಳ ಮುಂದೆ ತಲೆಬಾಗಿ ನಿಂತವನು, ಕತ್ತಿ ಕದ್ದು ಕಾಲ್ತುದಿಯಲ್ಲಿ ಓಡುವವನು, ಹತ್ತು ಕೋಲಿನ ಹೊರೆ ಹೊತ್ತು ಊರ ಕಡೆಗೆ ಬಾಗಿ ನಡೆಯುವವನು. ಪುಸ್ತಕ ಬಾಯಿಪಾಠ ಮಾಡದವರಿಗೂ ಕಾರ್ಡು ಮಾತಾಡತೊಡಗಿದ್ದು ಅಂದಿನಿಂದ. ಆಕೆಗೆ ಸಿಕ್ಕ ಸಂಭಾವನೆ ಅಲ್ಪ. 1951ರಲ್ಲಿ ಕಾರ್ನ್‌ವಾಲಿನ ಒಂದು ಸಣ್ಣ ಊರಿನಲ್ಲಿ ಸಾಲದಲ್ಲೇ ತೀರಿಕೊಂಡಳು. ಬಹಳ ಕಾಲ ಆ ಕಟ್ಟಿಗೆ ರೈಡರ್ ಮತ್ತು ವೇಟ್ ಇಬ್ಬರದೇ ಹೆಸರು ಇತ್ತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಲಿಯುವವರಲ್ಲಿ ಎರಡು ದಾರಿ ಕಾಣುತ್ತೇನೆ. ಒಂದು, ಪುಸ್ತಕದ ಅರ್ಥಗಳನ್ನೆಲ್ಲ ಉರು ಹೊಡೆದು ಶುರುಮಾಡುವುದು. ಇನ್ನೊಂದು, ಪುಸ್ತಕ ಮುಚ್ಚಿಟ್ಟು ದಿನಕ್ಕೊಂದು ಕಾರ್ಡು ಎತ್ತಿ, ಅದರಲ್ಲಿ ಕಂಡದ್ದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು, ರಾತ್ರಿ ಆ ದಿನ ನಡೆದದ್ದನ್ನು ಪಕ್ಕದಲ್ಲಿ ಬರೆಯುವುದು. ನನಗೆ ಒಲಿದದ್ದು ಎರಡನೆಯದು. ಕಾರಣ ಬಹುಶಃ ಕಾರ್ಣಿಕವೇ. ನಮ್ಮ ಸೀಮೆಯಲ್ಲಿ ‘ಕೊಡ ಎಂದರೆ ಇಂಥದ್ದು’ ಎಂಬ ನಿಘಂಟು ಯಾರ ಬಳಿಯೂ ಇಲ್ಲ. ಮೊದಲು ಚಿತ್ರ, ಆಮೇಲೆ ತನ್ನ ಬದುಕು, ಕೊನೆಗೆ ಹಿರಿಯರು ಏನೆಂದರು ಎಂಬುದು. ಹಾಗಂತ ಪುಸ್ತಕ ಬೇಡವೆಂದಲ್ಲ. ಸ್ವಂತ ಓದು ಬರೆದಿಟ್ಟ ಮೇಲೆ ಪುಸ್ತಕ ತೆರೆದರೆ ಅದು ಎದುರಿಗೆ ಕೂತ ಇನ್ನೊಬ್ಬ ಓದುಗನಾಗುತ್ತದೆ. ಮೊದಲೇ ತೆರೆದರೆ ಮೇಷ್ಟ್ರಾಗಿಬಿಡುತ್ತದೆ.

ಹೀಗೆ ನೋಡುತ್ತ ಹೋದರೆ ಪಮೇಲಾ ಬಿಡಿಸಿದ ಚಿತ್ರಗಳು ಕೋಗಳಿ ಸೀಮೆಯವು ಆಗತೊಡಗುತ್ತವೆ. ಸೊನ್ನೆ ಅಂಕಿಯ ‘ಫೂಲ್’ ಕಾರ್ಡಿನಲ್ಲಿ ಹೆಗಲಿಗೆ ಗಂಟು ಹಾಕಿಕೊಂಡ ಯುವಕ ಬಂಡೆಯ ಅಂಚಿಗೆ ಬಂದು ನಿಂತಿದ್ದಾನೆ, ಮುಖ ಆಕಾಶದ ಕಡೆ, ಕಾಲ ಬಳಿ ಒಂದು ಬಿಳಿ ನಾಯಿ. ಯುರೋಪಿನ ಪುಸ್ತಕಗಳು ಅವನನ್ನು ಪೆದ್ದ, ಮುಗ್ಧ, ಹೊಸ ಪಯಣ ಹೊರಟವ ಎನ್ನುತ್ತವೆ. ಮೈಲಾರ ನೋಡಿದ ಕಣ್ಣಿಗೆ ಆತ ಜೋಳಿಗೆ ಹೊತ್ತ ಗೊರವ. ಅವನ ಕಾಲ ಬಳಿಯ ನಾಯಿ ದೇವರ ಪರಿವಾರದ್ದು. ಆತ ಎತ್ತರದ ಅಂಚಿಗೆ ಹೋದದ್ದು ದಾರಿ ತಪ್ಪಿ ಅಲ್ಲ. ಕೆಳಗೆ ಹಿಡಿಯುವ ಕೈಗಳಿವೆ ಎಂದು ಆತ ಬಲ್ಲ. ಹತ್ತು ಕೋಲಿನವನು ಸೂರ್ಯಕಾಂತಿ ಕಡ್ಡಿಯ ಹೊರೆ ಹೊತ್ತು ಹಗರಿಬೊಮ್ಮನಹಳ್ಳಿಯ ಹೊಲದಿಂದ ಹೊರಟವನಂತೆ ಕಾಣುತ್ತಾನೆ. ‘ಟವರ್’ ಕಾರ್ಡಿನಲ್ಲಿ ಸಿಡಿಲು ಬಡಿದು ತಲೆಕೆಳಗಾಗಿ ಬೀಳುವ ಇಬ್ಬರನ್ನು ಕಂಡಾಗ ಬೀಳುವುದು ಎಂದರೆ ಯಾವಾಗಲೂ ನಾಶವೇ ಎಂದು ನನಗೆ ಅನ್ನಿಸುವುದಿಲ್ಲ. ಕಾರ್ಣಿಕದ ಗೊರವಯ್ಯನೂ ಬೀಳುತ್ತಾನೆ, ಹೇಳಬೇಕಾದ್ದನ್ನು ಹೇಳಿ ಮುಗಿಸಿ ಬೀಳುತ್ತಾನೆ. ಈ ಓದು ಯಾವ ಕೈಪಿಡಿಯಲ್ಲೂ ಇಲ್ಲ. ಒಬ್ಬೊಬ್ಬರೂ ತಮ್ಮ ಊರನ್ನು ತಂದು ಆ ಕಾರ್ಡಿನ ಮೇಲೆ ಇಡದ ಹೊರತು ಅದು ಕಾಗದದ ತುಂಡೇ.

ನಮ್ಮ ಸೀಮೆಯ ಇತರ ವಿದ್ಯೆಗಳ ಜೊತೆ ಇಟ್ಟು ನೋಡಿದರೆ ಕಾರ್ಣಿಕದ ವಿಶೇಷ ಇನ್ನೂ ಎದ್ದು ಕಾಣುತ್ತದೆ. ಹೂ ಕೇಳುವುದರಲ್ಲಿ ಓದಿಗೆ ಜಾಗವಿಲ್ಲ. ದೇವರ ಬಲಕ್ಕೆ ಹೂ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಹೌದು ಅಲ್ಲ ಎಂಬಷ್ಟಕ್ಕೆ ಅದು ಸಾಕು, ಹೆಣ್ಣು ಗಂಡು ನೋಡುವಾಗ, ಬಾವಿ ತೋಡುವಾಗ ಎಷ್ಟೋ ಮನೆಗಳು ಅದನ್ನೇ ನಂಬಿ ನಡೆದಿವೆ. ಬೆಳಗಿನ ಜಾವ ಮನೆ ಮುಂದೆ ಬಂದು ಹಾಲಕ್ಕಿ ನುಡಿಯಿತು ಎನ್ನುವ ಬುಡಬುಡಿಕೆಯವನು, ಕೈ ಹಿಡಿದು ಕಣಿ ಹೇಳುವ ಕೊರವಂಜಿ ಇಬ್ಬರೂ ಎದುರಿಗಿದ್ದವರ ಮುಖ ಓದುವುದರಲ್ಲಿ ಪಳಗಿದವರು. ಅಲ್ಲಿ ಓದು ಹೇಳುವವರದು, ಕೇಳುವವರದಲ್ಲ. ಸಂತೆಯ ಗಿಣಿಶಾಸ್ತ್ರ ಟ್ಯಾರೋಗೆ ಹೊರನೋಟದಲ್ಲಿ ಬಹಳ ಹತ್ತಿರ. ಗಿಣಿ ಪಂಜರದಿಂದ ಬಂದು ದೇವರ ಚಿತ್ರದ ಕಾರ್ಡು ಎತ್ತುತ್ತದೆ, ಶಾಸ್ತ್ರದವನು ಅರ್ಥ ಹೇಳುತ್ತಾನೆ. ಗಿಣಿಯನ್ನು ಹಿಡಿದು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ ಆ ನೋಟ ಈಗ ವಿರಳ. ಹಕ್ಕಿಯ ದೃಷ್ಟಿಯಿಂದ ನನಗೆ ಅದು ಸಮಾಧಾನವೇ.

ಕಾರ್ಣಿಕಕ್ಕೆ ನಿಜವಾದ ದಾಯಾದಿ ಎಂದರೆ ಧಾರವಾಡದ ಬಳಿಯ ಹನುಮನಕೊಪ್ಪದ ಬೊಂಬೆ ಭವಿಷ್ಯ. ಯುಗಾದಿ ಅಮಾವಾಸ್ಯೆಯ ಸಂಜೆ ತುಪ್ಪರಿ ಹಳ್ಳದ ದಂಡೆಯಲ್ಲಿ ಮಣ್ಣಿನಿಂದ ನಾಯಕರ ಬೊಂಬೆ, ಎತ್ತು, ಕಾಳುಕಡಿ ಎಲ್ಲ ಇಟ್ಟು ಬರುತ್ತಾರೆ. ಮರುದಿನ ಬೆಳಿಗ್ಗೆ ಯಾವ ಬೊಂಬೆಗೆ ಏನು ಧಕ್ಕೆಯಾಗಿದೆ, ಯಾವ ಕಾಳು ಚೆದುರಿದೆ ಎಂದು ಊರವರು ಸುತ್ತ ನಿಂತು ನೋಡುತ್ತಾರೆ. ಅಲ್ಲಿ ಕೂಡ ಓದು ಊರಿನದು.

ಇಷ್ಟೆಲ್ಲ ಪ್ರೀತಿಯಿಂದ ಬರೆದ ಮೇಲೆ ಇನ್ನೊಂದು ಮಾತನ್ನೂ ಅಷ್ಟೇ ಕಾಳಜಿಯಿಂದ ಹೇಳಬೇಕು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟ. ವಾರದ ನಂತರ ಒಬ್ಬೊಬ್ಬರ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಹಂಚಿ, ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ ಅಂಕ 4.26 ಬಂತು. ಎಲ್ಲ ಹಾಳೆಗಳಲ್ಲೂ ಇದ್ದದ್ದು ಒಂದೇ ಬರಹ, ಅದರ ಹೆಚ್ಚಿನ ಸಾಲುಗಳನ್ನು ಆತ ಪೇಟೆಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ಯಾರಿಗಾದರೂ ಹೊಂದುವ ಮಾತು ನನಗಾಗಿಯೇ ಬಂತು ಎಂದು ನಮಗೆಲ್ಲ ಅನ್ನಿಸುತ್ತದೆ. ಕರ್ತೃವಿಲ್ಲದ ಕಾರ್ಣಿಕದ ನುಡಿ ಯಾರ ಮನೆಗೂ ಹೊಂದುತ್ತದೆ. ಇದನ್ನು ತಿಳಿದೂ ಓದಬಹುದು ಎಂಬುದು ನನ್ನ ನಿಲುವು. ತಿಳಿಯದೆ ಓದಿದರೆ ಮಾತ್ರ ಅಪಾಯ. ಹೊಂದುತ್ತಿರುವುದು ನುಡಿಯ ಶಕ್ತಿಯಿಂದಲ್ಲ, ನನ್ನ ಮನೆಯೊಳಗೆ ಏನೋ ಕುದಿಯುತ್ತಿರುವುದರಿಂದ ಎಂದು ಗೊತ್ತಾದರೆ ಆ ಕುದಿಯುವುದನ್ನೇ ಹೋಗಿ ನೋಡಬಹುದು.

ಹಾಗಾಗಿ ಟ್ಯಾರೋ ಕಲಿಯಲು ಬಯಸುವ ಹುಡುಗ ಹುಡುಗಿಯರು ಕೇಳಿದಾಗ ನಾನು ಮೊದಲು ಹೇಳುವುದು ಪ್ರಶ್ನೆಯ ಬಗ್ಗೆ. ‘ನನಗೆ ನೌಕರಿ ಸಿಗುತ್ತದೆಯೇ’ ಎಂದು ಕಾರ್ಡನ್ನು ಕೇಳಬೇಡಿ. ‘ಈ ನೌಕರಿಯ ವಿಷಯದಲ್ಲಿ ನಾನು ಏನನ್ನು ನೋಡದೆ ಬಿಟ್ಟಿದ್ದೇನೆ’ ಎಂದು ಕೇಳಿ. ಕಾಯಿಲೆ, ಸಾವು, ಕೋರ್ಟಿನ ತೀರ್ಪು ಇವುಗಳ ಮೇಲೆ ಕಾರ್ಡು ಹಾಕಲೇಬೇಡಿ. ಎದೆನೋವು ಎಂದವರನ್ನು ಆಸ್ಪತ್ರೆಗೆ ಕಳಿಸಿ. ಎದುರಿಗಿಲ್ಲದವರ ಬಗ್ಗೆ, ಗಂಡನ ಬಗ್ಗೆ ಹೆಂಡತಿ, ಸೊಸೆಯ ಬಗ್ಗೆ ಅತ್ತೆ ಕೇಳಿದರೆ ಕಾರ್ಡು ಕಟ್ಟಿಡಿ. ಎಷ್ಟೋ ಮನೆಗಳು ಇಂಥ ಓದಿನಿಂದ ಒಡೆದಿವೆ. ದೋಷ ಇದೆ, ಪರಿಹಾರಕ್ಕೆ ಇಷ್ಟು ಸಾವಿರ ಎಂಬ ಮಾತು ಬಂದಲ್ಲಿಗೆ ಓದು ಮುಗಿದು ಸುಲಿಗೆ ಶುರುವಾಯಿತೆಂದು ತಿಳಿಯಿರಿ. ಮೈಲಾರದ ನುಡಿ ಯಾರೊಬ್ಬರ ಹೆಸರನ್ನೂ ಹಿಡಿದು ಹೆದರಿಸುವುದಿಲ್ಲ, ಅದನ್ನು ಕೇಳಲು ಟಿಕೆಟ್ಟೂ ಇಲ್ಲ. ಭಂಡಾರ ಬಿದ್ದ ತಲೆಗಳಲ್ಲಿ ಕುರುಬರದು, ಲಿಂಗಾಯತರದು, ದಲಿತರದು, ಬ್ರಾಹ್ಮಣರದು ಎಲ್ಲವೂ ಇರುತ್ತವೆ. ಎಲ್ಲರಿಗೂ ಒಂದೇ ನುಡಿ.

ಎರಡನೆಯದಾಗಿ ಹೇಳುವುದು ತಾರೀಖು ಹಾಕಿ ಬರೆದಿಡುವ ಬಗ್ಗೆ. ವರ್ಷ ಕಳೆದ ಮೇಲೆ ‘ನಾನು ಆಗಲೇ ಹೇಳಿರಲಿಲ್ಲವೇ’ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆಗಲೇ ಹೇಳಿದ್ದೇನೆಂಬುದು ಕಾಗದದ ಮೇಲೆ ಇರಬೇಕು. ಕಾರ್ಣಿಕದ ವಿಷಯದಲ್ಲಿ ನಮಗೆ ಉಳಿದಿರುವುದು ಬರೀ ನುಡಿಗಳು, ಅದೂ ಪತ್ರಿಕೆಗಳಲ್ಲಿ ಬಂದಷ್ಟು, ಓದುಗಳು ಉಳಿದಿಲ್ಲ. ಗೆದ್ದ ಓದು ಮಾತ್ರ ಕಥೆಯಾಗಿ ತಿರುಗುತ್ತದೆ, ಸೋತ ಓದು ಮಣ್ಣಾಗುತ್ತದೆ. ಇದರಿಂದ ನಷ್ಟವಾಗುವುದು ಭವಿಷ್ಯಕ್ಕಲ್ಲ, ಚರಿತ್ರೆಗೆ. ಬರದ ಮುಂಚಿನ ಫೆಬ್ರುವರಿಯಲ್ಲಿ ಕೂಡ್ಲಿಗಿಯ ಶೇಂಗಾ ಬೆಳೆಗಾರನ ಮನಸ್ಸಿನಲ್ಲಿ ಏನಿತ್ತು, ಗೇಟು ಮುರಿದ ಮುಂದಿನ ವರ್ಷ ಹಡಗಲಿಯ ಮಲ್ಲಿಗೆ ಕಟ್ಟುವ ಹೆಂಗಸು ಯಾವ ಭಯದಲ್ಲಿದ್ದಳು ಎಂಬುದನ್ನು ಯಾವ ಸರ್ಕಾರಿ ಅಂಕಿಅಂಶವೂ ಹೇಳುವುದಿಲ್ಲ. ಆಕೆ ಆ ನುಡಿಯನ್ನು ಹೇಗೆ ಓದಿದಳು ಎಂಬುದು ಹೇಳುತ್ತದೆ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಈ ಐದು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಾರ್ಣಿಕದ ಮರುದಿನ ಅಲ್ಲಿ ಒಂದು ಉದ್ದನೆಯ ರೂಲು ಪುಸ್ತಕ ಇಟ್ಟರೆ ಸಾಕು. ಮೇಲೆ ಆ ವರ್ಷದ ನುಡಿ, ಕೇಳಿದ್ದು ಹೇಗೆ ಎಂಬುದು ಸಹಿತ. ಕೆಳಗೆ ಬಂದವರ ಓದು, ಅವರು ಮಾಡುವ ಕೆಲಸ, ತಾರೀಖು. ಅಕ್ಷರ ಬಾರದವರದ್ದನ್ನು ಶಾಲೆಯ ಮಕ್ಕಳು ಬರೆದುಕೊಳ್ಳಲಿ, ಅಜ್ಜಿ ಹೇಳಿದ ಮಾತಿನಲ್ಲೇ ಬರೆಯಲಿ, ತಿದ್ದುವುದು ಬೇಡ. ದೀಪಾವಳಿಯ ಹೊತ್ತಿಗೆ ಅದೇ ಪುಟ ತೆರೆದು ಮಳೆ ಎಷ್ಟು ಬಂತು, ಯಾವ ಬೆಳೆ ಕೈಹತ್ತಿತು, ಧಾರಣೆ ಏನಿತ್ತು ಎಂದು ಪಕ್ಕದ ಅಂಚಿನಲ್ಲಿ ಸೇರಿಸಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲೇ ಹತ್ತಿರದಲ್ಲಿದೆ. ಕೆಲವು ವರ್ಷಗಳ ಪುಸ್ತಕಗಳು ತುಂಬಿದ ಮೇಲೆ ಅವನ್ನು ಅಲ್ಲಿಗೆ ಒಯ್ದು ಕೊಟ್ಟರೆ ಓದುವವರು ಸಿಗುತ್ತಾರೆ. ಮುಂದಿನ ಭಾರತ ಹುಣ್ಣಿಮೆಗೆ ಮೊದಲೇ ಒಂದೆರಡು ಪಂಚಾಯಿತಿಯವರು ಮನಸ್ಸು ಮಾಡಿದರೆ ಪುಸ್ತಕದ ಖರ್ಚು, ಪೆನ್ನಿನ ಖರ್ಚು ನನ್ನದು.